ಪದ್ರಿನೊ ಕೊಟ್ಟ ನಾಲ್ಕು ಟೈರು

ನಮ್ಮ ಉಂದುವಾವಿಯಲ್ಲಿ ಮಂಜು ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಯಾವಾಗ ಹೋಗುತ್ತದೆ ಎಂದಷ್ಟೇ ಕೇಳುತ್ತಾರೆ. ಲಾ ಪಾಸ್ ಕಡೆಯಿಂದ ಘಟ್ಟ ಹತ್ತಿ ಇಳಿದು ಬಂದ ದಾರಿ ಇಲ್ಲಿ ಪೊಲೀಸರ ಗೇಟು ದಾಟಿ ಎರಡಾಗುತ್ತದೆ. ಒಂದು ಕೊರೊಯ್ಕೊಗೆ, ಇನ್ನೊಂದು ಚುಲುಮಾನಿಗೆ. ಚುಲುಮಾನಿಯ ದಾರಿ ಹಿಡಿಯುವವರು ಮೊದಲು ನನ್ನ ಅಂಗಡಿಯಲ್ಲಿ ಹುರಿದ ಮೀನೋ, ಚೀಸ್ ತುಂಬಿ ಕರಿದ ಪಸ್ತೆಲ್ಲೋ ತಿಂದು, ನೇರಳೆ ಜೋಳದ ಬಿಸಿ ಅಪಿ ಕುಡಿದು ಹೊಟ್ಟೆ ಗಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ ಪಕ್ಕದ ತಗಡಿನ ಮನೆಗೆ ಹೋಗಿ ಚಕ್ರ ಗಟ್ಟಿಯಿದೆಯೇ ಎಂದು ಕೇಳುತ್ತಾರೆ. ಆ ತಗಡಿನ ಮನೆ ಬಾಸಿಲಿಯಕ್ಕನದು.

ಬಾಸಿಲಿಯಾ ಲಿಮಾಚಿ ಎಂಬುದು ಅವಳ ಪೂರ್ತಿ ಹೆಸರು. ಮೇಲಿನ ಬಯಲುಸೀಮೆಯವಳು, ಲಾಮಾ ಕಾಯುವವರ ಮನೆಯ ಮಗಳು. ದುಂಡು ಟೋಪಿ, ಒಂದರ ಮೇಲೊಂದು ನೆರಿಗೆ ಲಂಗ, ಎರಡು ಜಡೆ, ಮೊಣಕೈವರೆಗೆ ಮಸಿ. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಜಾಕಿ ಎತ್ತಲು ನಿಂತಳೆಂದರೆ ಎಂಥ ಗಂಡಸೂ ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಡಬೇಕು. ಅವಳ ಅಪ್ಪ ಸಂತೆಯಲ್ಲಿ ಲಾಮಾ ಕೊಳ್ಳುವಾಗ ತುಟಿ ಎತ್ತಿ ಹಲ್ಲು ನೋಡಿ ಪ್ರಾಯ ಹೇಳುತ್ತಿದ್ದನಂತೆ. ಮಗಳು ಟೈರಿಗೂ ಅದನ್ನೇ ಮಾಡುತ್ತಾಳೆ. ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ಹುಟ್ಟಿದ ವಾರ, ಕೊನೆಯೆರಡು ಹುಟ್ಟಿದ ವರ್ಷ. ಅದನ್ನು ಉಗುಳು ಹಚ್ಚಿ ಒರೆಸಿ ಓದುತ್ತಾಳೆ. ಓಡದೆ ಮೂಲೆಯಲ್ಲಿ ಬಿದ್ದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ, ಮನೆಯಲ್ಲೇ ಕೂತ ಹೆಂಗಸಿಗೆ ಮುಪ್ಪು ಬರುವುದಿಲ್ಲವೇ ಎಂದು ಅವಳ ವಾದ.

ಆದರೆ ಅಂಕಿಗಿಂತ ಅವಳಿಗೆ ಅಂಗೈಯ ಮೇಲೆ ನಂಬಿಕೆ. ಕಾರು ಬಂದು ನಿಂತಿತೆಂದರೆ ಡ್ರೈವರನ ಮುಖವನ್ನೂ ನೋಡದೆ ಕುಕ್ಕರುಗಾಲಲ್ಲಿ ಕೂತು, ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಗೆ ಸವರುತ್ತಾಳೆ, ಮತ್ತೆ ಹೊರಗಿನಿಂದ ಒಳಗೆ. ಹೋಗುವಾಗ ನಯ, ಬರುವಾಗ ಬೆಕ್ಕನ್ನು ಎದುರು ಸವರಿದ ಹಾಗೆ ಒರಟು ಎನಿಸಿದರೆ ಚಕ್ರ ಸೊಟ್ಟಗೆ ಓಡುತ್ತಿದೆ ಎಂದು ಅರ್ಥ. ಎರಡು ಅಂಚೂ ಸವೆದಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದ್ದಾನೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು ತುಂಬಿಸಿದ್ದಾನೆ. ಪಕ್ಕೆಯಲ್ಲಿ ಬಿರುಕಿದ್ದರೆ ಬೇಸಿಗೆಯ ಹಿಮ್ಮಡಿ ಒಡೆದ ಹಾಗೆ ತೋರಿಸುತ್ತಾಳೆ. ಪಕ್ಕೆ ಉಬ್ಬಿದ್ದರೆ ಮಾತೇ ಇಲ್ಲ, ಜಾಕಿ ತರುತ್ತಾಳೆ.

ಕೊನೆಗೆ ಹೆಬ್ಬೆರಳು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ, ಕಾಲುವೆಗೆ ಅಡ್ಡ ಹಾಕಿದ ಕಲ್ಲಿನಂತೆ. ಅವಳು ಅದನ್ನು ಸೇತುವೆ ಎನ್ನುತ್ತಾಳೆ. ಡ್ರೈವರುಗಳಿಗೆಲ್ಲ ಅವಳು ಕಲಿಸಿದ ಪಾಠ ಇದು: "ಹೊಸ ಟೈರಿಗೆ ಸೇತುವೆ ಆಳದಲ್ಲಿರುತ್ತೆ. ಸವೆದ ಟೈರಿಗೆ ಸೇತುವೆ ಮೇಲಕ್ಕೆ ಬಂದು ರಸ್ತೆ ಮುಟ್ಟುತ್ತೆ. ಅವತ್ತೇ ಬದಲಾಯಿಸು. ಸೇತುವೇನೇ ಇಲ್ಲದ ಟೈರು ಕಂಡ್ರೆ ಕೆಳಗಿಳಿದು ನಡಕೊಂಡು ಹೋಗು."

ಸೇತುವೆಯೇ ಇಲ್ಲದ ಟೈರು ಎಲ್ಲಿಂದ ಬರುತ್ತದೆ ಎಂದು ಹೊರಗಿನವರು ಕೇಳಬಹುದು. ನಮ್ಮಲ್ಲಿ ಬೋಳು ಟೈರಿಗೆ ಕಾದ ಚೂರಿಯಿಂದ ಹೊಸ ಗೀರು ಕೊರೆಯುವವರಿದ್ದಾರೆ. ಹಾಗೆ ಕೊರೆಯುವಾಗ ಸೇತುವೆಯೂ ಕತ್ತರಿಸಿಹೋಗುತ್ತದೆ. ಬಾಸಿಲಿಯಕ್ಕನ ಗಂಡ ಸೆವೆರೊ ಆ ಕೆಲಸದಲ್ಲಿ ಪಳಗಿದ ಕೈ. ಚಿತ್ತಾರ ಬಿಡಿಸಿದ ಹಾಗೆ ಕೊರೆಯುತ್ತಿದ್ದ. ಚಳಿಗಾಲವೊಂದರಲ್ಲಿ ಎದೆ ಕಟ್ಟಿ ಅವನು ತೀರಿಕೊಂಡ ಮೇಲೆ, ವಾಹನಗಳ ವರ್ಷದ ತಪಾಸಣೆ ಹತ್ತಿರ ಬಂದಾಗ ಕಾರಿನ ಡ್ರೈವರುಗಳು ಅವಳ ಬಾಗಿಲಿಗೆ ಬಂದು ಕೂತರು. ಗಂಡನ ಪಕ್ಕ ಕೂತು ನೋಡಿದ್ದೀಯಲ್ಲ, ನೀನೂ ಕೊರೆದುಕೊಡು ಎಂದರು. ಅವಳು ಒಪ್ಪಲಿಲ್ಲ. ಸೆವೆರೊ ಕೊರೆದದ್ದು ಲಾರಿ ಟೈರು, ಕೊರೆಸಿಕೊಳ್ಳಲೆಂದೇ ಅದಕ್ಕೆ ದಪ್ಪ ಮೈ ಕೊಟ್ಟಿರುತ್ತಾರೆ, ಕಾರಿನ ಟೈರಿಗೆ ಚರ್ಮ ಬಿಟ್ಟರೆ ಮೂಳೆ ಎಂದಳು. ಕೆಲವರು ಬೈದು ಹೋದರು. ಹೋದವರಲ್ಲಿ ಅರ್ಧ ಜನ ಪಂಕ್ಚರ್ ಆದಾಗ ನಾಚಿಕೆಯಿಲ್ಲದೆ ವಾಪಸು ಬಂದರು. ಅವಳೂ ನಾಚಿಕೆಯಿಲ್ಲದೆ ತೇಪೆ ಹಾಕಿಕೊಟ್ಟಳು.

ಇನ್ನು ನನ್ನ ತಂಗಿಯ ಗಂಡನ ವಿಷಯ. ನನ್ನ ತಂಗಿ ಹುಸ್ತಾಳನ್ನು ಕೊಟ್ಟಿರುವುದು ಎಲೋಯ್ ತಾರ್ಕಿಗೆ. ಒಳ್ಳೆಯ ಹುಡುಗ, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಬಹಳ ಕಾಲ ಬೇರೆಯವರ ಕಾರು ಓಡಿಸಿ ಕೊನೆಗೊಮ್ಮೆ ತನ್ನದೇ ಒಂದು ಹಳೆಯ ಉದ್ದ ಕಾರು ಕೊಂಡ. ಲಾ ಪಾಸಿನಿಂದ ಚುಲುಮಾನಿಗೆ ಜನರನ್ನು ತುಂಬಿಕೊಂಡು ಹೋಗುವ ಸಾಲಿನಲ್ಲಿ ಜಾಗವೂ ಸಿಕ್ಕಿತು. ಕಾರ್ನಿವಲ್ಲಿನ ಮಂಗಳವಾರ ಮನೆ, ಅಂಗಡಿ, ಕಾರು ಎಲ್ಲಕ್ಕೂ ಭೂತಾಯಿಯ ಹೆಸರಲ್ಲಿ ಬಿಯರ್ ಚಿಮುಕಿಸಿ, ಹೂವಿನ ಎಸಳು ಎರಚುವ ದಿನ. ಅಂಥ ದಿನಕ್ಕೆ ಪದ್ರಿನೊ ಬೇಕು. ಮದುವೆಯ ಉಂಗುರಕ್ಕೊಬ್ಬ ಪದ್ರಿನೊ, ಕೇಕಿಗೊಬ್ಬ ಪದ್ರಿನೊ ಎಂದು ಒಬ್ಬೊಬ್ಬ ಹಿರಿಯರು ಒಂದೊಂದು ಖರ್ಚಿನ ಭಾರ ಹೊರುತ್ತಾರೆ. ಹೊತ್ತ ಮೇಲೆ ಎರಡು ಮನೆಯವರೂ ಸಾಯುವವರೆಗೆ ಬೀಗರಿದ್ದ ಹಾಗೆ. ಎಲೋಯನ ಕಾರಿನ ನಾಲ್ಕು ಟೈರಿನ ಭಾರವನ್ನು ದೋನ್ ಪ್ಲಾಸಿದೊ ಯುಹ್ರಾ ಹೊತ್ತರು. ಲಾ ಪಾಸಿನಲ್ಲಿ ಎಲೋಯನ ಬೀದಿಯಲ್ಲೇ ಇರುವ ಲಂಗದ ಬಟ್ಟೆಯ ಅಂಗಡಿಯ ಯಜಮಾನರು. ಪ್ರಾಯದಲ್ಲಿ ಕಿತ್ತಳೆ ಹಣ್ಣಿನ ಲಾರಿ ಓಡಿಸಿದವರು. ಕೊಡುವುದರಲ್ಲಿ ಕೈ ಹಿಡಿದವರಲ್ಲ.

ಆ ಟೈರುಗಳನ್ನು ನೋಡಬೇಕಿತ್ತು. ಕಾಡಿಗೆ ಹಚ್ಚಿದ ಹಾಗೆ ಕಪ್ಪು, ಮಿರಿಮಿರಿ ಮಿಂಚು, ಒಂದೊಂದಕ್ಕೂ ರಿಬ್ಬನ್ನು. ಬೀದಿಯವರೆಲ್ಲ ಬಂದು ನೋಡಿದರು. ದೋನ್ ಪ್ಲಾಸಿದೊ ಒಂದೊಂದು ಚಕ್ರಕ್ಕೂ ತಾವೇ ಬಿಯರ್ ಸುರಿದು, ಎಲೋಯನನ್ನು ಅಪ್ಪಿಕೊಂಡು, ಈ ಚಕ್ರ ಇರುವವರೆಗೆ ನಿನ್ನ ಮನೆಗೆ ಕೇಡಿಲ್ಲ ಎಂದು ಹರಸಿದರು. ಎಲೋಯ್ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದೆ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವುದೆಲ್ಲ ಹೊಸ ರಬ್ಬರಲ್ಲ.

ಕಾರ್ನಿವಲ್ ಮುಗಿದು ಮೊದಲ ಸಲ ಎಲೋಯ್ ನಮ್ಮ ಗೇಟಿಗೆ ಬಂದಾಗ ಬಾಸಿಲಿಯಕ್ಕ ಎಂದಿನ ಹಾಗೆ ಕುಕ್ಕರುಗಾಲಲ್ಲಿ ಕೂತಳು. ಅಂಗೈ ಹೋಯಿತು, ಬಂತು. ಹೆಬ್ಬೆರಳು ಗೀರಿಗಿಳಿಯಿತು. ಅಲ್ಲಿಯೇ ನಿಂತಿತು. ಇನ್ನೊಂದು ಟೈರಿಗೆ ಹೋದಳು, ಉಳಿದೆರಡಕ್ಕೂ ಹೋದಳು. ಪ್ರಯಾಣಿಕರು ನನ್ನ ಅಂಗಡಿಯಲ್ಲಿದ್ದರು. ಎಲೋಯನನ್ನು ಗೋಡೆಯ ಮರೆಗೆ ಕರೆದು, ನಾಲ್ಕಕ್ಕೂ ಸೇತುವೆ ಇಲ್ಲ, ಬೋಳು ಟೈರು ಕೊರೆದು ಬಣ್ಣ ಬಳಿದಿದ್ದಾರೆ, ಕೆಳಗೆ ತಂತಿಯೇ ಇದೆ ಎಂದಳು. ಆ ಗೋಡೆ ನನ್ನ ಒಲೆಯ ಹಿಂದಿನ ಗೋಡೆಯೇ ಆದ್ದರಿಂದ ನನಗೂ ಕೇಳಿಸಿತು.

"ದಾನ ಕೊಟ್ಟ ಲಾಮಾದ ಹಲ್ಲು ಎಣಿಸ್ತಾರಾ ಅಕ್ಕ?" ಎಂದ ಎಲೋಯ್.

"ಲಾಮಾಕ್ಕೆ ಹಲ್ಲಿಲ್ಲದಿದ್ರೆ ಅದು ಉಪವಾಸ ಬೀಳುತ್ತೆ ಅಷ್ಟೇ, ನೀನು ಬೀಳಲ್ಲ," ಎಂದಳು ಬಾಸಿಲಿಯಕ್ಕ. "ಇದಕ್ಕೆ ಹಲ್ಲಿಲ್ಲದಿದ್ರೆ ಕಣಿವೇಲಿ ಬೀಳೋದು ನೀನು."

ಅವನ ಸಂಕಟವೇ ಬೇರೆ. ಪದ್ರಿನೊ ಹರಸಿ ಹಾಕಿಸಿದ ಟೈರನ್ನು ಮುಂದಿನ ಕಾರ್ನಿವಲ್ಲಿಗೆ ಮುಂಚೆಯೇ ಬಿಚ್ಚಿದರೆ, ನೀನು ಕೊಟ್ಟದ್ದು ಕಸ ಎಂದು ಅವರ ಮುಖಕ್ಕೆ ಹೇಳಿದ ಹಾಗೆ. ಅವರ ಬೀದಿಯಲ್ಲಿ ಮಾತು ಬೆಂಕಿಗಿಂತ ಬೇಗ ಓಡುತ್ತದೆ. ಪದ್ರಿನೊ ಮೋಸ ಹೋದರು ಎಂದು ಯಾರೂ ಹೇಳುವುದಿಲ್ಲ, ಜಿಪುಣತನ ಮಾಡಿದರು ಎಂದು ಹೇಳುತ್ತಾರೆ. ಅಷ್ಟು ದೊಡ್ಡ ಮನುಷ್ಯರ ತಲೆ ತಗ್ಗಿಸುವುದಕ್ಕಿಂತ ನಿಧಾನವಾಗಿ ಓಡಿಸುವುದೇ ಲೇಸು ಎಂದ. ಮಳೆ ಬಂದರೆ ಇನ್ನೂ ನಿಧಾನ.

ನಾನು ತಂಗಿಗೆ ಹೇಳಿದೆ. ಅವಳು ಅತ್ತಳು, ಆದರೆ ಗಂಡ ಹೇಳಿದ್ದನ್ನೇ ಹೇಳಿದಳು. ನಾನೇ ದೋನ್ ಪ್ಲಾಸಿದೊ ಅವರ ಹತ್ತಿರ ಹೋಗುತ್ತೇನೆ ಎಂದಾಗ, ಎರಡು ಮನೆಯ ನಂಟು ಮುರಿಯಬೇಡ ಅಕ್ಕ ಎಂದು ಕೈ ಹಿಡಿದುಕೊಂಡಳು. ಬಾಸಿಲಿಯಕ್ಕ ಮಾತ್ರ ಅವನ ಕಾರು ಬಂದಾಗಲೆಲ್ಲ ತಪ್ಪದೆ ಹೆಬ್ಬೆರಳು ಹಾಕಿ ನೋಡುತ್ತಿದ್ದಳು. ಕಾರು ಮಂಜಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿ, ಆಮೇಲೆ ಒಳಗೆ ಹೋಗಿ ತನ್ನಲ್ಲಿದ್ದ ಒಳ್ಳೆಯ ಹಳೆ ಟೈರುಗಳಲ್ಲಿ ಅವನ ಅಳತೆಯವನ್ನು ಹುಡುಕಿ ಒಂದೊಂದಾಗಿ ನಾಲ್ಕನ್ನು ಬೇರೆ ಎತ್ತಿಟ್ಟಳು. ಯಾರು ಬೇಡಿದರೂ ಆ ನಾಲ್ಕನ್ನು ಕೊಡಲಿಲ್ಲ.

ಹೀಗಿರುವಾಗ ಈಸ್ಟರಿನ ವಾರ ಬಂತು. ಪವಿತ್ರ ಗುರುವಾರದ ಬೆಳಿಗ್ಗೆ, ಮಳೆಗಾಲದ ಬಾಲ ಇನ್ನೂ ಅಲ್ಲಾಡುತ್ತಿತ್ತು. ಸಣ್ಣಗೆ ಜಿನುಗುವ ಮಳೆ, ಮುಂದಿನ ಕಾರಿನ ದೀಪವೂ ಕಾಣದಷ್ಟು ಮಂಜು. ಕೆಳಗಿನಿಂದ ಹತ್ತಿ ಬಂದ ಬಸ್ಸಿನವರು, ಜಲಪಾತ ರಸ್ತೆಗೇ ಬೀಳುವ ತಿರುವಿನಲ್ಲಿ ಕೆಸರು ಮೊಣಕಾಲುದ್ದ ಇದೆ ಎಂದು ಹೇಳಿಹೋಗಿದ್ದರು. ಆಗ ಎಲೋಯನ ಕಾರು ಬಂತು. ಒಳಗೆ ನನ್ನ ತಂಗಿ, ಅವಳ ಇಬ್ಬರು ಮಕ್ಕಳು, ಎಲೋಯನ ತಾಯಿ. ಮುಂದಿನ ಸೀಟಿನಲ್ಲಿ ಹೊಸ ಕೋಟು ತೊಟ್ಟ ದೋನ್ ಪ್ಲಾಸಿದೊ. ಎಲ್ಲರೂ ಚುಲುಮಾನಿಯಲ್ಲಿ ಹಬ್ಬ ಮಾಡಲು ಹೊರಟಿದ್ದರು. ತಮ್ಮ ಟೈರಿನ ಮೇಲೆ ತಾವೇ ಸವಾರಿ ಮಾಡಬೇಕೆಂದು ಪದ್ರಿನೊ ಅವರೇ ಆಸೆಪಟ್ಟಿದ್ದರಂತೆ.

ನನ್ನ ಕೈಯಲ್ಲಿದ್ದ ಸೌಟು ಎಣ್ಣೆಯಲ್ಲೇ ಉಳಿಯಿತು. ತಂಗಿ ನನ್ನ ಮುಖ ನೋಡಲಿಲ್ಲ. ಎಲೋಯ್ ಇಳಿದು ಬಾಸಿಲಿಯಕ್ಕನಿಗೆ ಕಣ್ಣಲ್ಲೇ ಬೇಡಿಕೊಂಡ, ಇವತ್ತು ಬೇಡ, ಇವರೆದುರಿಗೆ ಬೇಡ ಎಂದು.

ಬಾಸಿಲಿಯಕ್ಕ ಅವನ ಕಡೆ ತಿರುಗಲೂ ಇಲ್ಲ. ಕೈ ಒರೆಸಿಕೊಂಡು, ಟೋಪಿ ಸರಿಮಾಡಿಕೊಂಡು, ನೇರ ದೋನ್ ಪ್ಲಾಸಿದೊ ಅವರ ಬಾಗಿಲಿಗೆ ಹೋದಳು. ಲಂಗದ ಮಡಿಲಿಂದ ಒಂದು ಹಿಡಿ ಕೋಕಾ ಎಲೆ ತೆಗೆದು, ದೊಡ್ಡವರಿಗೆ ಮರ್ಯಾದೆಗೆ ಕೊಡುವ ಹಾಗೆ ಎರಡು ಕೈಯಲ್ಲಿ ನೀಡಿದಳು. ಅವರು ಟೋಪಿ ತೆಗೆದು ಎಲೆ ಸ್ವೀಕರಿಸಿದರು.

"ಈ ಟೈರಿನ ಪದ್ರಿನೊ ತಾವೇ ಅಂತ ಕೇಳಿದೆ, ಯಜಮಾನ್ರೇ."

"ಹೌದಮ್ಮ, ನಾನೇ."

"ಹಂಗಿದ್ರೆ ಸ್ವಲ್ಪ ಇಳೀಬೇಕು. ನಮ್ಮ ಗೇಟಲ್ಲಿ ಒಂದು ಪದ್ಧತಿ ಇದೆ. ಪದ್ರಿನೊ ಕಾರಲ್ಲಿದ್ರೆ, ಚಕ್ರ ಕಣಿವೆಗೆ ಇಳಿಯೋಕೆ ಮುಂಚೆ ಅವರು ತಮ್ಮ ಕೈಯಿಂದ ಗೀರು ಮುಟ್ಟಿ ಆಶೀರ್ವಾದ ಮಾಡ್ಬೇಕು."

ಹುಟ್ಟಿದಾಗಿನಿಂದ ನಾನು ಈ ಗೇಟಿನಲ್ಲಿದ್ದೇನೆ. ಅಂಥ ಪದ್ಧತಿಯನ್ನು ನಾನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ. ಆದರೆ ಅಕ್ಕ ಹೇಳಿದ ಧಾಟಿಗೆ, ಗೇಟಿನ ಪೊಲೀಸನೂ ಟೋಪಿ ಸರಿಮಾಡಿಕೊಂಡು ನಿಂತ.

ದೋನ್ ಪ್ಲಾಸಿದೊ ಹಿಗ್ಗಿದರು. ಕೋಟಿನ ಗುಂಡಿ ಬಿಚ್ಚಿ, ಮಂಡಿಯೂರಿ, ಮುಂದಿನ ಚಕ್ರದ ಮೇಲೆ ಅಂಗೈ ಇಟ್ಟರು. ಅಂಗೈ ಸಾಲದು ಯಜಮಾನ್ರೇ, ಹೆಬ್ಬೆರಳು ಎಂದಳು ಬಾಸಿಲಿಯಕ್ಕ. ಹೆಬ್ಬೆರಳನ್ನು ಗೀರಿಗಿಳಿಸಿದರು. ತಳದವರೆಗೆ ಎಂದಳು. ತಳ ಮುಟ್ಟಿದರು. ಸುತ್ತ ಎಳೆಯಿರಿ ಎಂದಳು. ಎಳೆಯುತ್ತ ಹೋದರು.

ಕಿತ್ತಳೆ ಲಾರಿ ಓಡಿಸಿದ ಬೆರಳು ಅದು. ಬಟ್ಟೆ ಅಳೆಯುತ್ತ ಎಷ್ಟು ಕಾಲವಾಗಿದ್ದರೂ ಮರೆತಿರಲಿಲ್ಲ. ಮುಖದ ಮೇಲಿದ್ದ ನಗು ನಿಧಾನವಾಗಿ ಆರಿತು. ಎಳೆದ ದಾರಿಯಲ್ಲೇ ಬೆರಳನ್ನು ಹಿಂದಕ್ಕೆ ತಂದರು, ಮತ್ತೆ ಮುಂದಕ್ಕೆ ಒಯ್ದರು. ಒಂದು ಕಡೆ ಏನೋ ಚುಚ್ಚಿತು. ಬೆರಳು ತೆಗೆದು ನೋಡಿದಾಗ ತುದಿಯಲ್ಲಿ ಸೂಜಿಮೊನೆಯಷ್ಟು ರಕ್ತ.

"ಸೇತುವೆ ಸಿಕ್ತಾ?" ಎಂದು ಅವಳು ಬಹಳ ಮೆಲ್ಲಗೆ ಕೇಳಿದಳು, ಅವರಿಗೆ ಮಾತ್ರ ಕೇಳುವ ಹಾಗೆ. ನಾನು ಅಪಿಯ ಲೋಟ ಹಿಡಿದು ಅಲ್ಲೇ ನಿಂತಿದ್ದರಿಂದ ನನಗೂ ಕೇಳಿತು.

ಅವರು ಮಂಡಿಯೂರಿದ್ದಲ್ಲೇ ತಲೆ ಎತ್ತಿ ಕಾರಿನ ಕಿಟಕಿ ನೋಡಿದರು. ಒಳಗೆ ಚಿಕ್ಕವಳು ಪಸ್ತೆಲ್ ತಿಂದು ಎಣ್ಣೆಗೈಯನ್ನು ಗಾಜಿಗೆ ಒತ್ತಿ ಆಡುತ್ತಿದ್ದಳು. ಎಲೋಯ್ ಬಾನೆಟ್ಟಿಗೆ ಒರಗಿ ನೆಲ ನೋಡುತ್ತ ನಿಂತಿದ್ದ. ಈಗ ಅವರು ಕೋಪಿಸಿಕೊಂಡರೂ ಸರಿ, ಕಾರು ಹತ್ತದೆ ತಿರುಗಿ ಹೋದರೂ ಸರಿ, ಆ ಬೆರಳಿಗೆ ಗೊತ್ತಾದದ್ದು ಮಾತ್ರ ಸುಳ್ಳಾಗುವುದಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ದೋನ್ ಪ್ಲಾಸಿದೊ ಎದ್ದರು. ಮಂಡಿಯ ಕೆಸರನ್ನು ಒರೆಸಿಕೊಳ್ಳಲಿಲ್ಲ.

"ಬೀಗರೇ," ಎಂದರು ಎಲೋಯನಿಗೆ, "ನಿಮಗಿದು ಗೊತ್ತಿತ್ತಾ?"

ಎಲೋಯ್ ಹೌದೆಂದು ತಲೆಯಾಡಿಸಿದ.

"ಗೊತ್ತಿದ್ದೂ ಓಡಿಸ್ತಿದ್ರಿ."

"ನೀವು ಹರಸಿ ಕೊಟ್ಟದ್ದು ಬೀಗರೇ. ಬಿಚ್ಚೋಕೆ ಕೈ ಬರ್ಲಿಲ್ಲ."

"ಹೊಸದು ಅಂತಲೇ ತಂದೆ ಕಣಯ್ಯ," ಎಂದರು ಮುದುಕರು. "ಫುಟ್‌ಪಾತಿನವನು ಹೊಸದು ಅಂದ, ಮಿಂಚ್ತಿತ್ತು, ಬೆರಳು ಹಾಕಿ ನೋಡ್ಲಿಲ್ಲ." ಆಮೇಲೆ ಮಳೆಯಲ್ಲಿ ನಿಂತಿದ್ದ ಎಲ್ಲರಿಗೂ ಕೇಳಲಿ ಎಂಬ ಹಾಗೆ ಹೇಳಿದರು: "ಈ ಚಕ್ರದ ಮೇಲೆ ಓಡ್ತಿರೋದು ನನ್ನ ಹೆಸರು. ನನ್ನ ಹೆಸರು ಇಷ್ಟು ತೆಳ್ಳಗೆ ಇರೋದು ಬೇಡ. ಬಿಚ್ಚಿ."

ಎಲೋಯ್ ಇನ್ನೂ ಅನುಮಾನಿಸುತ್ತಿದ್ದ. ಅವರು ಕೋಟು ತೆಗೆದು ನನ್ನ ತಂಗಿಯ ಕೈಗೆ ಕೊಟ್ಟು, ಬಾಸಿಲಿಯಕ್ಕನ ಕೈಯಿಂದ ಪಾನಾ ಕಸಿದುಕೊಂಡು ಮೊದಲ ನಟ್ಟನ್ನು ತಾವೇ ತಿರುಗಿಸಿದರು. ನಟ್ಟು ತಿರುಗಲಿಲ್ಲ. ಬಾಸಿಲಿಯಕ್ಕ ಪಾನಾದ ಹಿಡಿಯ ಮೇಲೆ ಕಾಲಿಟ್ಟು ಒಂದು ಸಲ ತುಳಿದಳು, ಸಡಿಲವಾಯಿತು. ನಾನೂ ತುಳೀಬಹುದಿತ್ತು ಎಂದರು ಅವರು. ತುಳೀಬಹುದಿತ್ತು, ಆದರೆ ಪ್ಯಾಂಟು ಹರಿಯುತ್ತಿತ್ತು, ಲಂಗಕ್ಕೆ ಆ ಭಯವಿಲ್ಲ ಎಂದಳು ಅವಳು. ಎಲೋಯನ ತಾಯಿ ಕಾರಿನೊಳಗಿಂದ ನಕ್ಕರು. ಆ ನಗುವಿನೊಂದಿಗೆ ಎಲ್ಲರ ಉಸಿರೂ ಹೊರಗೆ ಬಂತು.

ಬೇರೆ ಎತ್ತಿಟ್ಟಿದ್ದ ನಾಲ್ಕು ಟೈರನ್ನು ಬಾಸಿಲಿಯಕ್ಕ ಉರುಳಿಸಿಕೊಂಡು ಬಂದಳು. ಮಿಂಚು ಇರಲಿಲ್ಲ, ಬೂದುಬಣ್ಣಕ್ಕೆ ತಿರುಗಿದ್ದವು, ಆದರೆ ಒಂದೊಂದರಲ್ಲೂ ಸೇತುವೆ ಆಳದಲ್ಲಿ ಕೂತಿತ್ತು. ದೋನ್ ಪ್ಲಾಸಿದೊ ಒಂದನ್ನೂ ಬಿಡದೆ ಬೆರಳು ಹಾಕಿ ನೋಡಿದರು. ಬೆಲೆಯ ಮಾತನ್ನು ಎಲೋಯನಿಗೆ ಬಿಡಲಿಲ್ಲ; ಪದ್ರಿನೊ ಇನ್ನೂ ಬದುಕಿದ್ದಾನೆ ಎಂದರು.

ಬಿಚ್ಚಿದ ಟೈರುಗಳನ್ನು ಬಾಸಿಲಿಯಕ್ಕ ಹಾಗೇ ಎಸೆಯುವವಳಲ್ಲ. ಎಸೆದರೆ ಯಾರೋ ಎತ್ತಿಕೊಂಡು ಹೋಗಿ, ಬಣ್ಣ ಬಳಿದು, ಇನ್ನೊಬ್ಬ ಎಲೋಯನಿಗೆ ಮಾರುತ್ತಾರೆ. ಅದಕ್ಕೇ ಪಕ್ಕೆ ಸೀಳಿಬಿಡುತ್ತಾಳೆ. ಸೀಳುವ ಮುಂಚೆ ಒಂದೆರಡು ಹನಿ ಮದ್ಯ ಚಿಮುಕಿಸಿ, ಇಲ್ಲಿವರೆಗೆ ಹೊತ್ತು ತಂದೆಯಲ್ಲ, ಸಾಕು, ಮಲಗು ಎನ್ನುತ್ತಾಳೆ. ಅವತ್ತು ಅವಳು ಚೂರಿ ಎತ್ತಿದಾಗ ದೋನ್ ಪ್ಲಾಸಿದೊ ಕೈ ಚಾಚಿದರು. ತಾವು ಕೊಟ್ಟ ಉಡುಗೊರೆಯನ್ನು ತಾವೇ ಸೀಳಿದರು, ನಾಲ್ಕನ್ನೂ. ಪ್ರತಿ ಸಲವೂ ಮೊದಲು ಮದ್ಯ ಚಿಮುಕಿಸಿ, ನನ್ನ ಬೀಗರ ಮಕ್ಕಳನ್ನು ಉಳಿಸಿದ್ದಕ್ಕೆ ಪುಣ್ಯ ಬರಲಿ ಎಂದು ಆ ಮೋಸದ ಟೈರಿಗೂ ಹೇಳಿದರು. ಇಷ್ಟು ದಿನ ಒಡೆಯದೆ ತಡೆದುಕೊಂಡಿತ್ತಲ್ಲ, ಅದಕ್ಕೆ. ಎಲೋಯ್ ಆಗ ಬಂದು ಅವರನ್ನು ಅಪ್ಪಿಕೊಂಡ. ಇಬ್ಬರ ಕೈಯೂ ಮಸಿ, ಇಬ್ಬರ ಬೆನ್ನೂ ಮಸಿ.

ಕಾರು ಕಣಿವೆಗೆ ಇಳಿಯಿತು. ನಾನು ಆ ದಿನ ಮಾಡಿದ ಪಸ್ತೆಲ್ಲೆಲ್ಲ ಒಂದು ಕಡೆ ಸೀದಿದ್ದವು, ಯಾರೂ ಬೈಯಲಿಲ್ಲ. ಜಲಪಾತದ ತಿರುವಿನಲ್ಲಿ ಕಾರು ಒಮ್ಮೆ ಅಂಚಿನ ಕಡೆ ಜಾರಿತಂತೆ, ಆಮೇಲೆ ಚಕ್ರ ಕೆಸರನ್ನು ಕಚ್ಚಿ ಹಿಡಿದು ಮತ್ತೆ ದಾರಿಗೆ ಬಂತಂತೆ. ಅಷ್ಟೇ. ಮಕ್ಕಳಿಗೆ ಎಚ್ಚರವೂ ಆಗಲಿಲ್ಲವಂತೆ. ಆಗಿಹೋದದ್ದಕ್ಕೆ ಅಳುವವರು ಬೇಕಾದಷ್ಟು ಜನ ಸಿಗುತ್ತಾರೆ; ಆಗದೆ ಉಳಿದದ್ದನ್ನು ನೆನೆದು ಕೈಮುಗಿಯುವವರು ಕಡಿಮೆ. ನಾನು ದಿನಾ ಬೆಳಿಗ್ಗೆ ಒಲೆ ಹಚ್ಚುವಾಗ ಕೈಮುಗಿಯುತ್ತೇನೆ. ಮೊದಲ ಲೋಟ ಅಪಿ ಪಕ್ಕದ ತಗಡಿನ ಮನೆಗೆ ಹೋಗುತ್ತದೆ. ಸಕ್ಕರೆ ಜಾಸ್ತಿಯಾಯಿತು ಎಂದು ಅವಳು ಬೈಯುತ್ತಾಳೆ, ಪೂರ್ತಿ ಕುಡಿಯುತ್ತಾಳೆ.

ಹಬ್ಬ ಮುಗಿಸಿ ವಾಪಸು ಬಂದಾಗ ದೋನ್ ಪ್ಲಾಸಿದೊ ಒಂದು ಚೀಲ ಕಿತ್ತಳೆ ಹೊತ್ತು ಬಾಸಿಲಿಯಕ್ಕನ ಬಾಗಿಲಿಗೆ ಬಂದರು. ಹಳೆ ಟೈರಿನ ಮೇಲೆ ಕೂತು, ಕೋಕಾ ಎಲೆ ಅಗಿಯುತ್ತ ಬಹಳ ಹೊತ್ತು ಲಾರಿಯ ಕಾಲದ ಮಾತಾಡಿದರು. ಕೊನೆಗೆ ಏಳುವಾಗ ಕೇಳಿದರು:

"ಈ ಗೇಟಿನ ಪದ್ಧತಿ ಅಂದ್ರಲ್ಲ, ಪದ್ರಿನೊ ಗೀರು ಮುಟ್ಟೋದು. ಎಷ್ಟು ಕಾಲದಿಂದ ಇದೆಯಮ್ಮ ಅದು?"

ಬಾಸಿಲಿಯಕ್ಕ ಕಿತ್ತಳೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಗುರುವಾರದಿಂದ, ಯಜಮಾನ್ರೇ."

ಅವರು ನಕ್ಕದ್ದು ಗೇಟಿನವರೆಗೂ ಕೇಳಿತು. ಆ ನಗುವನ್ನು ತಮ್ಮ ಬೀದಿಗೂ ತೆಗೆದುಕೊಂಡು ಹೋದರು. ನಾನು ಹೇಗೆ ಮೋಸ ಹೋದೆ, ಹೇಗೆ ಬೆರಳು ಚುಚ್ಚಿಸಿಕೊಂಡೆ ಎಂದು ಯಾರು ಕೇಳಿದರೂ ತಾವೇ ಹೇಳುತ್ತಾರಂತೆ. ಹಾಗೆ ಹೇಳಿ ಹೇಳಿ, ಮುಂದಿನ ಕಾರ್ನಿವಲ್ಲಿನ ಹೊತ್ತಿಗೆ ಕಾರು ಹರಸುವ ಪದ್ರಿನೊಗಳು ಬಿಯರ್ ಸುರಿಯುವ ಮೊದಲು ಮಂಡಿಯೂರಿ ಗೀರಿಗೆ ಹೆಬ್ಬೆರಳು ಹಾಕತೊಡಗಿದರು. ಚುಲುಮಾನಿಗೆ ಹೋಗುವವರು ನಮ್ಮ ಗೇಟಿನಲ್ಲಿ ಇಳಿದು ಇನ್ನೊಮ್ಮೆ ಹಾಕುತ್ತಾರೆ. ಬಾಸಿಲಿಯಕ್ಕ ಪಕ್ಕದಲ್ಲಿ ನಿಂತು ತಳದವರೆಗೆ, ತಳದವರೆಗೆ ಎನ್ನುತ್ತಿರುತ್ತಾಳೆ.